ಮರುತುಂಬಿದ ಪಿಸ್ತೂಲ್ ಕಾಡತೂಸಿನಲ್ಲಿ ಪ್ರೈಮರ್ ಚಪ್ಪಟೆಯಾದರೆ ಒತ್ತಡ ಹೆಚ್ಚಾಗಿದೆಯೆಂದು ಅರ್ಥವೇ?

ಹಾರಿಸಿದ ಕಾಡತೂಸುಗಳಲ್ಲಿ, ಮದ್ದಿಗೆ ಕಿಡಿ ತಗುಲಿಸುವ ತಳದ ಪುಟ್ಟ ಬಟ್ಟಲುಗಳಾದ ಪ್ರೈಮರ್‌ಗಳು ಚಪ್ಪಟೆಯಾಗಿವೆ, ಕೆಲವು ಮೊದಲ ಹೊಡೆತಕ್ಕೆ ಸಿಡಿಯದೆ ಎರಡನೆಯದಕ್ಕೆ ಸಿಡಿಯುತ್ತವೆ, ಎರಡಕ್ಕೂ ಕಾರಣ ಒಂದೇ ಇರಬಹುದೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಇರುವುದಿಲ್ಲ. ಎರಡನೆಯ ಹೊಡೆತಕ್ಕೆ ಸಿಡಿಯುವ ಪ್ರೈಮರ್ ಬಹುತೇಕ ತನ್ನ ಗುಳಿಯ ತಳ ಮುಟ್ಟುವಂತೆ ಕೂತಿರುವುದಿಲ್ಲ. ಮೊದಲ ಹೊಡೆತದ ಬಲ ಅದನ್ನು ಒಳಗೆ ತಳ್ಳುವುದರಲ್ಲೇ ವ್ಯಯವಾಗುತ್ತದೆ. ಗುಳಿಯನ್ನು ಶುಚಿಗೊಳಿಸಿ, ಪ್ರೈಮರ್ ಕೇಸಿನ (ಕಾಡತೂಸಿನ ಲೋಹದ ಕವಚದ) ತಳಕ್ಕಿಂತ ಕೂದಲೆಳೆಯಷ್ಟು ಒಳಗಿರುವಂತೆ ಕೂರಿಸಿ.

ಚಪ್ಪಟೆತನವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪ್ರೈಮರ್ ಬಟ್ಟಲಿನ ಲೋಹ ಮೃದುವಾಗಿದ್ದರೂ ಹಾಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಮೆರಿಕದ ಬಂದೂಕು-ಮದ್ದುಗುಂಡು ತಯಾರಕರ ಸಂಸ್ಥೆಯಾದ ಸಾಮಿಯ (SAAMI) ಮಾನದಂಡದಲ್ಲಿ .38 ಸ್ಪೆಷಲ್‌ನ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .45 ಎಸಿಪಿಯದು 21,000, 9 ಎಂಎಂ ಲ್ಯೂಗರ್‌ನದು 35,000 ಆಗಿರುವುದರಿಂದ, ಕಡಿಮೆ ಒತ್ತಡದ ಕಾಡತೂಸುಗಳು ಮಿತಿಯನ್ನು ಸಾಕಷ್ಟು ದಾಟಿದ ಮೇಲೂ ಪ್ರೈಮರ್ ಏನೂ ಆಗದಂತೆ ಕಾಣಬಹುದು. ಪ್ರೈಮರ್ ತೂತಾಗಿದ್ದರೆ, ಸುತ್ತ ಮಸಿ ಸೋರಿದ್ದರೆ ಅಥವಾ ಕೇಸಿನ ಬುಡ ಉಬ್ಬಿದ್ದರೆ ಆ ಕಂತನ್ನೆಲ್ಲ ಪಕ್ಕಕ್ಕಿಟ್ಟು, ಮದ್ದಿನ ತೂಕವನ್ನು ತಯಾರಕರ ಪಟ್ಟಿಯ ಆರಂಭಿಕ ಪ್ರಮಾಣದೊಂದಿಗೆ ಹೋಲಿಸಿ.

ಕಾಡತೂಸಿನ ಒಟ್ಟು ಉದ್ದವನ್ನೂ ಅಳೆಯಿರಿ. ಮ್ಯಾಗಝೀನ್‌ನಿಂದ ಮೇಲೇರುವಾಗ ಗುಂಡು ಕೇಸಿನೊಳಕ್ಕೆ ಜರುಗಿದರೆ, ವಿಶೇಷವಾಗಿ 9 ಎಂಎಂನಂಥ ಪುಟ್ಟ ಕೇಸಿನಲ್ಲಿ, ಒತ್ತಡ ಥಟ್ಟನೆ ಏರುತ್ತದೆ. ಬೇಗ ಉರಿಯುವ ಮದ್ದು ಎರಡು ಬಾರಿ ಬಿದ್ದರೂ ಕೇಸು ತುಂಬಿ ಚೆಲ್ಲುವುದಿಲ್ಲವಾದ್ದರಿಂದ, ಗುಂಡು ಕೂರಿಸುವ ಮುನ್ನ ಬೆಳಕು ಹಿಡಿದು ಪ್ರತಿ ಕೇಸಿನೊಳಗೂ ಇಣುಕಿ. ಸದ್ದು ಕ್ಷೀಣವಾಗಿ ಕೇಳಿಸಿದರೆ ಮತ್ತೊಂದನ್ನು ಹಾರಿಸಬೇಡಿ. ಆಯುಧ ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡು, ನಳಿಕೆಯಲ್ಲಿ ಗುಂಡು ಸಿಕ್ಕಿಕೊಂಡಿದೆಯೇ ನೋಡಿ.