ಎದೆಹಾಲು ಮಾತ್ರ ಕುಡಿಯುವ ಮಗು ಆರು ದಿನದಿಂದ ಕಕ್ಕ ಮಾಡಿಲ್ಲ, ಹರಳೆಣ್ಣೆ ಕೊಡಬಹುದಾ?

ಹರಳೆಣ್ಣೆ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿ.

ನೀವು ಬರೆದದ್ದು ಇಷ್ಟು: ಕುಂಬಳೆ ಹತ್ತಿರ ಮನೆ, ಮಗುವಿಗೆ ಎರಡೂವರೆ ತಿಂಗಳು, ಎದೆಹಾಲು ಬಿಟ್ಟು ಬೇರೇನೂ ಇಲ್ಲ. ಆರು ದಿನದಿಂದ ಕಕ್ಕ ಆಗಿಲ್ಲ. ತಿಣುಕುತ್ತದೆ, ಮುಖ ಕೆಂಪಾಗುತ್ತದೆ, ಬರೀ ಹೂಸು ಬರುತ್ತದೆ. ಹಾಲು ಚೆನ್ನಾಗಿ ಕುಡಿಯುತ್ತದೆ, ನಗುತ್ತದೆ. ಅತ್ತೆ ಹರಳೆಣ್ಣೆ ಬಾಟಲಿ ತೆಗೆದಿಟ್ಟು ಕಾಯುತ್ತಿದ್ದಾರೆ.

ನಾನು ಡಾಕ್ಟರಲ್ಲ. ಪೆರ್ಲದ ಹತ್ತಿರದ ತೋಟದ ಮನೆಯಲ್ಲಿ ಎರಡು ಮಕ್ಕಳನ್ನು ಸಾಕುತ್ತಿರುವವಳು. ದೊಡ್ಡವನದು ಒಂಬತ್ತು ದಿನದ ಕತೆ, ಸಣ್ಣವಳದು ಮೂರು ದಿನದ ಕತೆ. ನಾನು ಹೆದರಿ ಅತ್ತದ್ದು ಒಂಬತ್ತು ದಿನಕ್ಕೆ. ಹೆದರಬೇಕಾಗಿದ್ದದ್ದು ಮೂರು ದಿನಕ್ಕೆ.

ದೊಡ್ಡವನು ಹುಟ್ಟಿದ್ದು 2020ರ ಫೆಬ್ರವರಿಯಲ್ಲಿ. ಬಾಣಂತನ ಮುಳ್ಳೇರಿಯ ಹತ್ತಿರ ತವರಲ್ಲಿ. ಒಂದೂವರೆ ತಿಂಗಳವರೆಗೆ ದಿನಕ್ಕೆ ಐದಾರು ಸಲ ಆಗುತ್ತಿತ್ತು. ಮೇಲಿಂದ ಹಾಲು ಇಳಿಯುತ್ತಿದ್ದ ಹಾಗೇ ಕೆಳಗಿಂದ ಪರ್ರ್ ಅಂತ ಸದ್ದು. ಆಮೇಲೆ ಒಂದು ದಿನ ನಲ್ಲಿ ಕಟ್ಟಿದ ಹಾಗೆ ನಿಂತೇಹೋಯಿತು. ಆಗ ಏಪ್ರಿಲ್, ಲಾಕ್‌ಡೌನ್. ನಮ್ಮ ಕಡೆಯವರು ಸ್ವಲ್ಪ ಏನಾದರೂ ಮಂಗಳೂರಿಗೆ ಓಡುವವರು ಅಲ್ವಾ? ಓಡುವುದೆಲ್ಲಿಗೆ, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು. ಒಳರಸ್ತೆಗಳಿಗೂ ಮಣ್ಣು ಸುರಿದಿದ್ದರು.

ಹೊರಗೆ ಹೋಗಲು ಆಗದ ಮನೆಯಲ್ಲಿ ಎಲ್ಲರಿಗೂ ಒಂದೇ ಕೆಲಸ, ಮಗುವಿನ ಕಕ್ಕ ಕಾಯುವುದು. "ಸೆಕೆ ಜಾಸ್ತಿ, ಎರಡು ಚಮಚ ನೀರು ಕುಡಿಸು" ಅಂದರು ಪಕ್ಕದ ಮನೆಯವರು. "ನೀನು ಗುಜ್ಜೆ ಪಲ್ಯ ತಿಂದದ್ದೇ ಕಾರಣ" ಅಂದಳು ಅಮ್ಮ. ಮಗು ನೋಡಲು ಬಂದು ನಮ್ಮಲ್ಲೇ ಸಿಕ್ಕಿಬಿದ್ದಿದ್ದರು ಶಿರಸಿಗೆ ಕೊಟ್ಟ ನನ್ನ ಸೋದರತ್ತೆ. ಅವರು ನಾಲ್ಕನೇ ದಿನ ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಸವರಿಕೊಂಡು ಬಂದರು. ಬೇಡ ಅನ್ನುವ ಧೈರ್ಯ ನನಗೆ ಇರಲಿಲ್ಲ. ಮಗು ಕಿರುಚಿದ ಕಿರುಚು ಇನ್ನೂ ಕಿವಿಯಲ್ಲಿದೆ. ಬಂದದ್ದು ಕಾಲು ಚಮಚ, ಅದೂ ಹೂವಿನಷ್ಟು ಮೆತ್ತಗೆ. ಕಟ್ಟಿಕೊಂಡಿದ್ದರೆ ಅಷ್ಟು ಮೆತ್ತಗೆ ಬರುತ್ತಿತ್ತಾ ಅಂತ ಆಗಲೇ ಯೋಚಿಸಬೇಕಿತ್ತು. ಆಮೇಲೆ ಮತ್ತೆ ಬಂದ್.

ಏಳನೇ ದಿನ ಕಾಸರಗೋಡಿನ ಒಬ್ಬರು ಮಕ್ಕಳ ಡಾಕ್ಟರ ನಂಬರು ಸಿಕ್ಕಿತು. ಸ್ಪೀಕರಿಗೆ ಹಾಕಿ, ಸುತ್ತ ಎಲ್ಲರೂ ಕೂತೆವು. ಅವರು ಮಲಯಾಳದಲ್ಲಿ ಮೊದಲು ಕೇಳಿದ್ದೇ "ಕುಞ್ಞ್ ಅಪ್ಪಿ ಇಟ್ಟಿಟ್ಟ್ ಎತ್ರ ದಿವಸಮಾಯಿ?" ಅತ್ತೆ ಫೋನಿಗೆ ಬಗ್ಗಿ ಗಟ್ಟಿಯಾಗಿ ಹೇಳಿದರು, "ಅಪ್ಪಿ ಇಲ್ಲೇ ಇದ್ದ, ಮಲಗಿದ್ದ." ಮಲಯಾಳದ ಮಕ್ಕಳ ಮಾತಿನಲ್ಲಿ ಅಪ್ಪಿ ಅಂದರೆ ಕಕ್ಕ. ಅತ್ತೆಯ ಊರಲ್ಲಿ ಅಪ್ಪಿ ಅಂದರೆ ಮುದ್ದಿನ ಮಗು. ಏಳು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಡಾಕ್ಟರು ದಿನದ ಲೆಕ್ಕವನ್ನು ಜಾಸ್ತಿ ಕೆದಕಲೇ ಇಲ್ಲ. ಕೇಳಿದ್ದು ಬೇರೆ. ಮಗುವಿಗೆ ಎಷ್ಟು ವಾರ? ದಿನಕ್ಕೆ ಎಷ್ಟು ಬಟ್ಟೆ ಒದ್ದೆ? ಮಲಗಿದ್ದಾಗ ಹೊಟ್ಟೆ ಮುಟ್ಟಿದರೆ ಮೆತ್ತಗಿದೆಯಾ? ವಾಂತಿ ಇದೆಯಾ, ಇದ್ದರೆ ಯಾವ ಬಣ್ಣ? ಹೂಸು ಬಿಡುತ್ತಾನಾ? ತೂಕ ಏರಿದೆಯಾ? ಹುಟ್ಟಿದಾಗ ಕಪ್ಪು ಮಲ ಯಾವಾಗ ಹೋಯಿತು? ಎಲ್ಲಕ್ಕೂ ಸರಿ ಉತ್ತರ ಬಂದ ಮೇಲೆ ಅಂದರು, ಇದು ಮಲಬದ್ಧತೆ ಅಲ್ಲ, ಕಾಯಿರಿ, ಹಿಂದಿನಿಂದ ಏನನ್ನೂ ಹಾಕಬೇಡಿ.

ಅವರು ಹೇಳಿದ ಕಾರಣ ನನಗೆ ತುಂಬ ಉಪಯೋಗಕ್ಕೆ ಬಂತು. ಮೊದಮೊದಲ ಹಳದಿ ಗಟ್ಟಿಹಾಲಿಗೆ ಹೊಟ್ಟೆ ಸಡಿಲ ಮಾಡುವ ಗುಣ ಇದೆ. ಮಗುವಿನ ಕರುಳೂ ಹೊಸತು, ಹಾಲು ಬಿದ್ದ ಕೂಡಲೇ ಕೆಳಗೆ ತಳ್ಳುತ್ತದೆ. ಆರು ವಾರ ಆಗುವಾಗ ಇವೆರಡೂ ಬದಲಾಗುತ್ತವೆ. ಎದೆಹಾಲು ಹೆಚ್ಚು ಕಡಿಮೆ ಪೂರ್ತಿ ಮೈಗೆ ಹತ್ತುತ್ತದೆ, ಹೊರಗೆ ಹಾಕಲು ಉಳಿಯುವುದೇ ಚೂರು. ಹಾಗಾಗಿ ಕೆಲವು ಮಕ್ಕಳು ನಾಲ್ಕು ದಿನ, ವಾರ, ಕೆಲವೊಮ್ಮೆ ಹತ್ತು ದಿನಕ್ಕೊಮ್ಮೆ ಹೋಗುತ್ತವೆ. ಮಲಬದ್ಧತೆ ಅನ್ನುವುದು ಎಷ್ಟು ದಿನ ಅನ್ನುವುದರ ಮೇಲಲ್ಲ, ಬಂದದ್ದು ಹೇಗಿದೆ ಅನ್ನುವುದರ ಮೇಲೆ. ಆಡಿನ ಹಿಕ್ಕೆಯ ಹಾಗೆ ಗಟ್ಟಿ ಉಂಡೆ ಬಂದರೆ ಅದು ಮಲಬದ್ಧತೆ. ಬರೀ ಎದೆಹಾಲಿನ ಮಕ್ಕಳಲ್ಲಿ ಅದು ಅಪರೂಪ. ಸಾಮಾನ್ಯವಾಗಿ ಅದು ಶುರುವಾಗುವುದು ಪುಡಿ ಹಾಲು, ಬಾಳೆಕಾಯಿ ಹುಡಿಯ ಗಂಜಿ, ರಾಗಿ ಸೇರಿದ ಮೇಲೆ.

ಒಂಬತ್ತನೇ ದಿನ ರಾತ್ರಿ ಎರಡೂವರೆಗೆ ಆಯಿತು. ಕರೆಂಟ್ ಇಲ್ಲ. ಮೊದಲು ಸದ್ದು, ಆಮೇಲೆ ವಾಸನೆ. ದಿನ ಕಟ್ಟಿದ್ದಕ್ಕೆ ವಾಸನೆ ಜೋರಾಗಿಯೇ ಇತ್ತು. ಮೊಬೈಲ್ ಬೆಳಕಲ್ಲಿ ನೋಡಿದರೆ ಬೆನ್ನಿನವರೆಗೆ, ನನ್ನ ಮೊಣಕೈವರೆಗೆ ಹಳದಿ, ಅರೆದ ಸಾಸಿವೆಯ ಹಾಗೆ. ಚಾವಡಿಯಿಂದ ಅಪ್ಪನ ಸ್ವರ ಬಂತು, "ಆಯ್ತಾ?" ಒಳಗಿಂದ ಅತ್ತೆ, "ಆಯ್ತಾ?" ಬೆಳಿಗ್ಗೆ ಹಾಲು ತರಲು ಹೋದ ತಮ್ಮನನ್ನು ಬೇಲಿಯ ಆಚೆಯಿಂದಲೂ ಕೇಳಿದರಂತೆ, "ಆಯ್ತಾ?"

ಇನ್ನು ನಿಮ್ಮ ಮಗು ತಿಣುಕುವುದು. ಕಕ್ಕ ಬರಬೇಕಾದರೆ ಎರಡು ಕೆಲಸ ಒಟ್ಟಿಗೆ ಆಗಬೇಕು, ಹೊಟ್ಟೆ ತಳ್ಳಬೇಕು, ಕೆಳಗೆ ಸ್ನಾಯು ಸಡಿಲ ಬಿಡಬೇಕು. ಸಣ್ಣ ಮಗುವಿಗೆ ಈ ತಾಳ ಗೊತ್ತಿಲ್ಲ. ಮೇಲಿಂದ ತಳ್ಳುತ್ತದೆ, ಕೆಳಗೆ ಬಿಗಿ ಹಿಡಿಯುತ್ತದೆ. ಹತ್ತಿಪ್ಪತ್ತು ನಿಮಿಷ ಅತ್ತು, ಕೆಂಪಾಗಿ, ಕೊನೆಗೆ ಮೆತ್ತಗೆ ಹೋಗುತ್ತದೆ. ಇದು ರೋಗವಲ್ಲ, ಕಲಿಯುವ ಹಂತ. ತೊಟ್ಟು, ಸೋಪಿನ ತುಂಡು, ಥರ್ಮಾಮೀಟರ್ ತುದಿ ಅಂತ ಚುಚ್ಚುತ್ತಾ ಹೋದರೆ ಆ ಕಲಿಕೆಯೇ ತಡವಾಗುತ್ತದೆ, ಗಾಯವೂ ಆಗಬಹುದು. ಸುಮ್ನೆ ಯೋಚಿಸಿ, ಅಂಗಾತ ಮಲಗಿ ಕಕ್ಕ ಮಾಡು ಅಂದರೆ ನಮಗಾದರೂ ಆಗುತ್ತದಾ? ಹಾಗಾಗಿ ತಿಣುಕುವಾಗ ಎರಡು ಮೊಣಕಾಲು ಮೆಲ್ಲಗೆ ಹೊಟ್ಟೆಗೆ ಮಡಚಿ ಹಿಡಿಯಿರಿ, ಅಷ್ಟು ಸಾಕು. ಬೇರೆ ಹೊತ್ತಲ್ಲಿ ಸೈಕಲ್ ತುಳಿಸುವ ಹಾಗೆ ಕಾಲಾಡಿಸಿ. ಮೀಯಿಸುವ ಮೊದಲು ತೆಂಗಿನೆಣ್ಣೆ ಹಚ್ಚಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಹೊಟ್ಟೆ ನೀವಿ. ಎಚ್ಚರ ಇರುವಾಗ, ನೀವು ಎದುರೇ ಕೂತು, ಕವುಚಿ ಮಲಗಿಸಿ. ಹಾಲು ಕುಡಿದ ಮೇಲೆ ಭುಜಕ್ಕೆ ಹಾಕಿ ತೇಗಿಸಿ. ಇಷ್ಟೆಲ್ಲ ಮಾಡಿದರೆ ಗ್ಯಾಸಿನ ಕಿರಿಕಿರಿ ಸ್ವಲ್ಪ ಇಳಿಯುತ್ತದೆ. ಕಕ್ಕ ಅದಕ್ಕೆ ಬೇಕಾದಾಗಲೇ ಬರುವುದು.

ಈಗ ಸಣ್ಣವಳ ಕತೆ. ಇದನ್ನು ಬರೆಯದೆ ನಿಮಗೆ "ಕಾಯಿರಿ" ಅಂದರೆ ತಪ್ಪಾಗುತ್ತದೆ.

2023ರ ಜುಲೈ, ಆಟಿ ತಿಂಗಳ ಮಳೆ. ಮಗುವಿನ ಬಟ್ಟೆ ಒಣಗುವುದಿಲ್ಲ, ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಹೊಗೆಯಲ್ಲಿ ಒಣಗಿಸುತ್ತಿದ್ದೆವು. ಅವಳಿಗೆ ಹದಿನೆಂಟು ದಿನ. ಮೂರು ದಿನ ಕಕ್ಕ ಇಲ್ಲ. ನಾನು ಅನುಭವಸ್ಥೆ ಅಲ್ವಾ, "ಅಣ್ಣ ಒಂಬತ್ತು ದಿನ ಮಾಡಿರಲಿಲ್ಲ, ಇದೇನು ಮಹಾ" ಅಂದುಬಿಟ್ಟೆ. ಮಗು ಅಳುವುದೂ ಇಲ್ಲ, ಮಲಗಿಯೇ ಇರುತ್ತದೆ. ಎಷ್ಟು ಪಾಪದ ಮಗು ಅಂತ ಬಂದವರೆಲ್ಲ ಹೊಗಳಿದರು.

ಮನೆಗೆ ಬಂದ ಆಶಾ ಕಾರ್ಯಕರ್ತೆಯ ಕಣ್ಣು ಮಾತ್ರ ಹಗ್ಗದ ಮೇಲೆ ಹೋಯಿತು. "ಇಂದಿನ ಬಟ್ಟೆ ಇಷ್ಟೇನಾ?" ಅಂದರು. ಮೂರೇ ಇತ್ತು. ತೂಗಿ ನೋಡಿದರೆ ಹುಟ್ಟಿದಾಗಿನ ತೂಕಕ್ಕೂ ಬಂದಿಲ್ಲ. ಹುಟ್ಟಿದ ಮೇಲೆ ಇಳಿಯುವ ತೂಕ ಹತ್ತು ಹದಿನಾಲ್ಕು ದಿನದೊಳಗೆ ಮತ್ತೆ ಬರಬೇಕು. ಮೊದಲ ನಾಲ್ಕೈದು ವಾರದಲ್ಲಿ ಕಕ್ಕ ನಿಂತರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಹಾಲು ಸಾಕಾಗುತ್ತಿದೆಯಾ ಅನ್ನುವುದು. ಅವಳು ಮೊಲೆತೊಟ್ಟು ಮಾತ್ರ ಚೀಪುತ್ತಿದ್ದಳು, ಸುತ್ತಲಿನ ಕಪ್ಪು ಭಾಗ ಬಾಯೊಳಗೆ ಹೋಗುತ್ತಿರಲಿಲ್ಲ. ಹೊಟ್ಟೆಗೆ ಹೋಗದೆ ಹೊರಗೆ ಬರುವುದೆಲ್ಲಿಂದ? ಆರೋಗ್ಯ ಕೇಂದ್ರದ ನರ್ಸ್ ನನ್ನ ಪಕ್ಕ ಕೂತು ಹಿಡಿಯುವ ಕ್ರಮ ಸರಿ ಮಾಡಿದರು. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಕುಡಿಸಿ, ಮೇಲಿಂದ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡಿ ಅಂದರು.

ಅಂದಿನಿಂದ ಒಂದು ಗೆರಟೆ ಇಟ್ಟುಕೊಂಡೆ. ಒಂದು ಬಟ್ಟೆ ಒದ್ದೆಯಾದರೆ ಒಂದು ಅಡಿಕೆ ಹಾಕುವುದು. ಮೊದಲ ದಿನ ನಾಲ್ಕು, ಮರುದಿನ ಆರು, ಮೂರನೇ ದಿನ ಎಂಟು. ಎಂಟು ಆದ ದಿನವೇ ಕಕ್ಕವೂ ಬಂತು, ಆಮೇಲೆ ದಿನಕ್ಕೆ ನಾಲ್ಕು ಸಲ. ನೀವೂ ಎಣಿಸಬೇಕಾದದ್ದು ಇದನ್ನೇ. 24 ಗಂಟೆಯಲ್ಲಿ ಆರು ಅಥವಾ ಜಾಸ್ತಿ ಚೆನ್ನಾಗಿ ಒದ್ದೆಯಾಗಬೇಕು. ಅಂಗಡಿ ಡೈಪರಿನಲ್ಲಿ ಈ ಲೆಕ್ಕ ಸಿಗುವುದಿಲ್ಲ, ನಾಳೆ ಒಂದು ದಿನ ಬಟ್ಟೆಯನ್ನೇ ಕಟ್ಟಿ. ಎರಡೂವರೆ ತಿಂಗಳ ಚುಚ್ಚುಮದ್ದು ಇನ್ನೂ ಆಗಿಲ್ಲದಿದ್ದರೆ ಬುಧವಾರ ಆರೋಗ್ಯ ಕೇಂದ್ರಕ್ಕೆ ಹೋದಾಗ ತೂಕವನ್ನೂ ನೋಡಿಸಿ. ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರಬೇಕು.

ಬುಧವಾರದವರೆಗೆ ಕಾಯಬಾರದ ಸಂಗತಿಗಳೂ ಇವೆ. ಹಸಿರು ವಾಂತಿ, ಉಬ್ಬಿ ಗಟ್ಟಿಯಾದ ಹೊಟ್ಟೆ, ಹೂಸೂ ನಿಂತುಹೋಗುವುದು, ಹಾಲು ಬೇಡ ಅನ್ನುವುದು, ಎಬ್ಬಿಸಿದರೂ ಏಳದ ಮಂಪರು, ಕಕ್ಕದಲ್ಲಿ ರಕ್ತ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅಷ್ಟೇ. ಇದರಲ್ಲಿ ಒಂದು ಕಂಡರೂ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಕಕ್ಕದ ಬಣ್ಣ ಹಳದಿ, ಹಸಿರು, ಕಂದು ಯಾವುದಾದರೂ ಚಿಂತೆಯಿಲ್ಲ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪಿತ್ತನಾಳದ ತೊಂದರೆ ಇರಬಹುದು, ಅದನ್ನೂ ತಡ ಮಾಡಬಾರದು. ಹುಟ್ಟಿದ ಎರಡು ದಿನದೊಳಗೆ ಕಪ್ಪು ಮಲ ಹೋಗದೆ ಇದ್ದಿದ್ದರೆ ಈಗಲಾದರೂ ಡಾಕ್ಟರಿಗೆ ಹೇಳಿ. ಕರುಳಿನ ಕೊನೆಯ ತುಂಡಿನಲ್ಲಿ ನರಕೋಶ ಇಲ್ಲದ ಹಿರ್ಶ್‌ಸ್ಪ್ರಂಗ್ ಕಾಯಿಲೆಯ ಸುಳಿವು ಅದು. ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಥೈರಾಯ್ಡ್ ಸರಿಯಿತ್ತಾ ಅಂತಲೂ ಕಾರ್ಡ್ ನೋಡಿ. ಏನೂ ಇಲ್ಲದೆ ಏಳು ದಿನ ದಾಟಿದರೂ ಒಮ್ಮೆ ತೋರಿಸಿಬಿಡಿ, ಮನಸ್ಸಿಗೆ ಸಮಾಧಾನ. ಅಪರಾತ್ರಿಯಲ್ಲಿ ಕೇಳಲು ಯಾರೂ ಇಲ್ಲದಿದ್ದರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರು 1056, ಇದೆ.

ನೀರು ಆರು ತಿಂಗಳವರೆಗೆ ಬೇಡ, ಎಷ್ಟೇ ಸೆಕೆ ಇರಲಿ. ಎದೆಹಾಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ. ನೀರಿನಲ್ಲಿ ಹೊಟ್ಟೆ ತುಂಬಿಸಿದರೆ ಅಷ್ಟು ಹಾಲು ಕಡಿಮೆ. ಜೇನಿನಲ್ಲಿ ಬಜೆ, ಚಿನ್ನ ತೇಯ್ದು ನೆಕ್ಕಿಸುವುದಂತೂ ಬೇಡವೇ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಬರಬಹುದು, ಅದರಲ್ಲಿ ಮೊದಲು ಕಾಣುವುದೇ ಮಲ ಕಟ್ಟುವುದು. ಮತ್ತೆ ಗುಜ್ಜೆ, ತೊಗರಿಬೇಳೆ, ನೇಂದ್ರ ಬಾಳೆಹಣ್ಣು ಎಲ್ಲ ನೀವು ಧಾರಾಳ ತಿನ್ನಿ. ನಿಮ್ಮ ಹೊಟ್ಟೆಯ ಗ್ಯಾಸು ಹಾಲಿಗೆ ಹೋಗುವುದಿಲ್ಲ. ನನ್ನನ್ನು ಎರಡು ತಿಂಗಳು ಸಾರನ್ನ, ಬೆಳ್ಳುಳ್ಳಿಯಲ್ಲೇ ಇಟ್ಟಿದ್ದರು. ಕೊನೆಗೆ ಮಲಬದ್ಧತೆ ಆದದ್ದು ನನಗೆ.

ಅತ್ತೆಯ ಹತ್ತಿರ ಜಗಳ ಬೇಡ. ಹರಳೆಣ್ಣೆ ಕೊಟ್ಟರೆ ಭೇದಿ ಆಗಿ ಮಗು ಬಳಲುತ್ತದೆ, ಡಾಕ್ಟರು ಬೇಡ ಅಂದಿದ್ದಾರೆ ಅಂತ ನನ್ನ ಡಾಕ್ಟರ ಮೇಲೆ ಹಾಕಿ. ತೆಂಗಿನೆಣ್ಣೆಯ ಗಿಂಡಿ ಅವರ ಕೈಗೆ ಕೊಟ್ಟು, ಹೊಟ್ಟೆ ನೀವುವ ಕೆಲಸ ಅವರಿಗೇ ಬಿಡಿ. ನನ್ನ ಅಮ್ಮ ಹಾಗೆಯೇ ಸಮಾಧಾನ ಆದದ್ದು. ಮತ್ತೆ ಈ ಎರಡು ದಿನ ಮಗುವಿನ ಅಡಿಗೆ ಎರಡು ಪದರ ಹಳೆ ಸೀರೆ ಹಾಸಿ. ಹೊಸ ನೈಟಿಯಲ್ಲಿ ಎತ್ತಿಕೊಳ್ಳಬೇಡಿ, ಆರು ದಿನದ್ದು ಒಟ್ಟಿಗೆ ಬರುವುದು.