ಅನಿಲ್ ಕುಂಬ್ಳೆ ಅವರಿಂದ ನಾಯಕತ್ವದ ಬಗ್ಗೆ ಏನು ಕಲಿಯಬಹುದು?

ಎಲ್ಲರೂ ಮೊದಲು ಹೇಳುವುದು 2002ರ ಆಂಟಿಗಾ ಟೆಸ್ಟ್. ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದರು, ವೆಸ್ಟ್ ಇಂಡೀಸ್‌ನ ದಿಗ್ಗಜ ಬ್ಯಾಟರ್ ಬ್ರಯಾನ್ ಲಾರಾ ವಿಕೆಟ್ ಕಿತ್ತರು. ಛಲ ಅಂದರೆ ಅದೇ, ಸರಿ. ಆದರೆ ನಾಯಕತ್ವ ಕಲಿಯಲು 2008ರ ಆಸ್ಟ್ರೇಲಿಯಾ ಪ್ರವಾಸವೇ ಜಾಸ್ತಿ ಉಪಯೋಗ ಅಂತ ನನಗನಿಸುತ್ತದೆ.

ಕುಂಬ್ಳೆಗೆ ಟೆಸ್ಟ್ ನಾಯಕತ್ವ ಸಿಕ್ಕಿದ್ದೇ 37ನೇ ವಯಸ್ಸಿನಲ್ಲಿ. ಸಿಡ್ನಿಯಲ್ಲಿ ಅಂಪೈರ್‌ಗಳು ಒಂದರ ಮೇಲೊಂದು ತಪ್ಪು ತೀರ್ಪು ಕೊಟ್ಟರು. ಇನ್ನೇನು ಡ್ರಾ ಆಯಿತು ಅನ್ನುವಷ್ಟರಲ್ಲಿ ಭಾರತ ಸೋತಿತು. ಸಾಲದ್ದಕ್ಕೆ ಹರ್ಭಜನ್ ಮೇಲೆ ಜನಾಂಗೀಯ ನಿಂದನೆಯ ಆರೋಪ. ಪ್ರವಾಸವೇ ನಿಲ್ಲಬಹುದು ಎಂಬ ಮಾತೂ ಎದ್ದಿತ್ತು. ಕುಂಬ್ಳೆ ಕೂಗಾಡಲಿಲ್ಲ. ಆಟದ ಧರ್ಮಕ್ಕೆ ತಕ್ಕಂತೆ ಆಡಿದ್ದು ಒಂದೇ ತಂಡ ಎಂದು ಚುಟುಕಾಗಿ ಹೇಳಿದರು. ತಮ್ಮ ಆಟಗಾರನ ಬೆನ್ನಿಗೂ ನಿಂತರು.

ಮುಂದಿನ ಟೆಸ್ಟ್ ವೇಗಿಗಳ ನೆಚ್ಚಿನ ಪರ್ತ್‌ನಲ್ಲಿ. ಆಸ್ಟ್ರೇಲಿಯಾ ಅಷ್ಟರಲ್ಲಿ ಸತತ 16 ಟೆಸ್ಟ್ ಗೆದ್ದಿತ್ತು. ಹೊರಗಿದ್ದ ಸೆಹ್ವಾಗ್ ತಂಡಕ್ಕೆ ಮರಳಿದರು, ಭಾರತ 72 ರನ್‌ಗಳಿಂದ ಗೆದ್ದಿತು. ಕೋಪವನ್ನು ಬಾಯಲ್ಲಿ ಖರ್ಚು ಮಾಡಿದ್ದರೆ ಇದು ಆಗುತ್ತಿತ್ತಾ?

ಬಿಡುವ ಹೊತ್ತು ಅರಿತಿದ್ದೂ ದೊಡ್ಡದೇ. ಅದೇ ವರ್ಷ ನವೆಂಬರ್‌ನಲ್ಲಿ ಬೆರಳಿಗೆ ಪೆಟ್ಟಾದಾಗ ದೆಹಲಿಯಲ್ಲೇ ನಿವೃತ್ತಿ ಹೇಳಿ, ಧೋನಿಗೆ ತಂಡ ಒಪ್ಪಿಸಿದರು.