ಎಸಿಎಲ್ ಆಪರೇಷನ್‌ಗೆ ಮೊದಲೇ ಗ್ರಾಫ್ಟ್ ಎಷ್ಟು ದಪ್ಪ ಬರುತ್ತದೆಂದು ಅಲ್ಟ್ರಾಸೌಂಡ್‌ನಲ್ಲಿ ಗೊತ್ತಾಗುತ್ತದೆಯೇ?

ಅಂದಾಜು ಸಿಗುತ್ತದೆ; ಖಚಿತ ಅಳತೆ ಸಿಗುವುದಿಲ್ಲ.

ಮಂಡಿಯೊಳಗೆ ತೊಡೆಯ ಮತ್ತು ಕೆಳಗಾಲಿನ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿದರೆ ಹಲವು ಸರ್ಜನ್‌ಗಳು ತೊಡೆಯ ಸೆಮಿಟೆಂಡಿನೋಸಸ್ ಮತ್ತು ಗ್ರಾಸಿಲಿಸ್ ಸ್ನಾಯುರಜ್ಜುಗಳನ್ನು ತೆಗೆದು, ಮಡಚಿ, ನಾಲ್ಕು ಎಳೆಯ ಗ್ರಾಫ್ಟ್ ಮಾಡಿ ಹರಿದ ಲಿಗಮೆಂಟ್‌ನ ಜಾಗದಲ್ಲಿ ಕೂರಿಸುತ್ತಾರೆ. ಅದು 8 ಮಿ.ಮೀ.ಗಿಂತ ತೆಳುವಾಗಿದ್ದರೆ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು, ಅದರಲ್ಲೂ 20ರೊಳಗಿನ ವಯಸ್ಸಿನ ಆಟಗಾರರಲ್ಲಿ. ಪೇಚು ಏನೆಂದರೆ, ರಜ್ಜುವನ್ನು ಹೊರತೆಗೆದು ಮಡಚಿ, ಅಳತೆ ಉಪಕರಣದ ಬೇರೆ ಬೇರೆ ಗಾತ್ರದ ತೂತುಗಳಲ್ಲಿ ತೂರಿಸಿ ನೋಡುವವರೆಗೂ ನಿಜವಾದ ದಪ್ಪ ತಿಳಿಯದು.

ಅಲ್ಟ್ರಾಸೌಂಡ್‌ನಲ್ಲಿ ಪ್ರೋಬನ್ನು (ಚರ್ಮದ ಮೇಲೆ ಹಿಡಿಯುವ ಸಾಧನ) ರಜ್ಜುವಿಗೆ ಅಡ್ಡಲಾಗಿ ಇಟ್ಟು ಅದರ ಅಡ್ಡಕೊಯ್ತದ ವಿಸ್ತೀರ್ಣ ಅಳೆಯುತ್ತಾರೆ. ವಿಸ್ತೀರ್ಣ ಹೆಚ್ಚಿದ್ದಷ್ಟೂ ಗ್ರಾಫ್ಟ್ ಸಾಮಾನ್ಯವಾಗಿ ದಪ್ಪ ಬರುತ್ತದೆ. ಖರ್ಚು ಕಡಿಮೆ, ವಿಕಿರಣವಿಲ್ಲ. ಆದರೆ ಪ್ರೋಬ್ ಸ್ವಲ್ಪ ವಾಲಿದರೂ ರಜ್ಜು ಪರದೆಯ ಮೇಲೆ ಕಪ್ಪಾಗಿ ಕಂಡು ಅಂಚು ಕಲಸಿಹೋಗುತ್ತದೆ. ಗ್ರಾಸಿಲಿಸ್ ಮೊದಲೇ ಸಣ್ಣದು, ಒಂದೆರಡು ಚದರ ಮಿ.ಮೀ. ತಪ್ಪಿದರೂ ಲೆಕ್ಕ ಏರುಪೇರು. ಹಾಗಾಗಿ ಯಂತ್ರಕ್ಕಿಂತ ಅದನ್ನು ಹಿಡಿದ ಕೈಯ ಅನುಭವವೇ ಮುಖ್ಯ. ಲಿಗಮೆಂಟ್ ನೋಡಲು ಎಂಆರ್‌ಐ ಹೇಗೂ ಮಾಡಿಸಿರುತ್ತೀರಿ. ಅದರಲ್ಲೂ ಇದೇ ವಿಸ್ತೀರ್ಣ ಅಳೆಯಬಹುದು. ಎತ್ತರ, ತೂಕವೂ ಒಂದಿಷ್ಟು ಸುಳಿವು ಕೊಡುತ್ತವೆ.

ರಜ್ಜು ಸಣ್ಣದಿದೆ ಎಂಬ ಅನುಮಾನ ಮೊದಲೇ ಬಂದರೆ ಸರ್ಜನ್ ಐದಾರು ಎಳೆಯಾಗಿ ಮಡಚುವ ಅಥವಾ ಮಂಡಿಚಿಪ್ಪಿನ ಮೇಲಿನ ಕ್ವಾಡ್ರಿಸೆಪ್ಸ್ ರಜ್ಜು, ಕೆಳಗಿನ ಪಟೆಲ್ಲಾರ್ ರಜ್ಜು ಬಳಸುವ ತಯಾರಿ ಮಾಡಿಕೊಳ್ಳಬಹುದು. ನನ್ನ ಪ್ರಕಾರ ಈ ಸ್ಕ್ಯಾನಿನ ನಿಜವಾದ ಲಾಭ ಇದೇ. ತೆಳ್ಳಗಿನ, ಕುಳ್ಳಗಿನ ಮೈಕಟ್ಟಿನವರಾದರೆ, "ಗ್ರಾಫ್ಟ್ ಸಣ್ಣದಾದರೆ ಏನು ಮಾಡ್ತೀರಿ ಡಾಕ್ಟ್ರೇ?" ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿಬಿಡಿ.